ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ತುರ್ತು ಚಿಕಿತ್ಸೆಯ ಒಂದು ವರ್ಷ

ತಾಲ್ಲೂಕು ಆಸ್ಪತ್ರೆಗಳ ಕ್ಯಾಶುವಾಲಿಟಿಯಲ್ಲಿ ರಾತ್ರಿ ಪಾಳಿಗೆ ಸಾಮಾನ್ಯವಾಗಿ ಇರುವುದು ಒಬ್ಬರೇ ವೈದ್ಯರು. ಅವರೂ ಹೆಚ್ಚಾಗಿ ಎಂಬಿಬಿಎಸ್ ಮುಗಿಸಿ ಸೇವೆಗೆ ಸೇರಿದವರು. ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವರು, ಎದೆನೋವೆಂದು ಬಂದವರು, ಕೀಟನಾಶಕ ಕುಡಿದವರು, ಹಾವು ಕಚ್ಚಿಸಿಕೊಂಡ ಮಕ್ಕಳು, ಫಿಟ್ಸ್ ನಿಲ್ಲದ ಗರ್ಭಿಣಿಯರು, ಎಲ್ಲರನ್ನೂ ಮೊದಲು ನೋಡುವವರು ಅವರೇ. ತುರ್ತು ವೈದ್ಯಕೀಯಕ್ಕೆ ಭಾರತದಲ್ಲಿ ಪ್ರತ್ಯೇಕ ಸ್ನಾತಕೋತ್ತರ ವಿಷಯವೆಂಬ ಮಾನ್ಯತೆ ಸಿಕ್ಕಿದ್ದು 2009ರಲ್ಲಿ. ಆಮೇಲೆ ಸೀಟುಗಳು ಹೆಚ್ಚಿವೆ, ಒಳ್ಳೆಯ ವಿಭಾಗಗಳೂ ಬೆಳೆದಿವೆ. ಆದರೆ ಆ ಪದವಿ ಪಡೆದವರನ್ನು ವೈದ್ಯಕೀಯ ಕಾಲೇಜುಗಳು ಮತ್ತು ಮಹಾನಗರದ ಖಾಸಗಿ ಆಸ್ಪತ್ರೆಗಳು ಸೆಳೆದುಕೊಳ್ಳುತ್ತವೆ. ಪಾವಗಡಕ್ಕೋ ಜೋಯಿಡಾಕ್ಕೋ ಅವರು ಬರುವ ದಿನ ಹತ್ತಿರದಲ್ಲಿ ಕಾಣುತ್ತಿಲ್ಲ. ಹಾಗಾಗಿ ಈಗಾಗಲೇ ಅಲ್ಲಿರುವ ಕುಟುಂಬ ವೈದ್ಯರಿಗೆ ಮತ್ತು ವೈದ್ಯಾಧಿಕಾರಿಗಳಿಗೆ ತುರ್ತು ಚಿಕಿತ್ಸೆಯಲ್ಲಿ ಪೂರ್ತಿ ಒಂದು ವರ್ಷದ ರೆಸಿಡೆನ್ಸಿಯನ್ನು ರಾಜ್ಯವೇ ತೆರೆಯಬೇಕು. ಅದಕ್ಕೆ ಅರ್ಜಿ ಹಾಕುವವರನ್ನು ಪರೀಕ್ಷೆಯ ರ‍್ಯಾಂಕ್‌ಗಿಂತ ಹೆಚ್ಚಾಗಿ ಅವರು ಮರಳಿ ಹೋಗುವ ಆಸ್ಪತ್ರೆಯನ್ನು ನೋಡಿ ಆರಿಸಬೇಕು.

ಒಂದು ವರ್ಷ ಯಾಕೆ ಬೇಕು ಎಂಬುದು ಹಾವು ಕಡಿತದ ಉದಾಹರಣೆಯಿಂದಲೇ ಗೊತ್ತಾಗುತ್ತದೆ. 2000ದಿಂದ 2019ರ ನಡುವೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ವರ್ಷಕ್ಕೆ ಸರಾಸರಿ 58,000 ಎಂದು ದೇಶವ್ಯಾಪಿ ಅಧ್ಯಯನವೊಂದು ಅಂದಾಜು ಮಾಡಿದೆ. ಕರ್ನಾಟಕ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಅದು ಒಳ್ಳೆಯ ಹೆಜ್ಜೆ, ಔಷಧಿಯೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಆದರೆ ಕಟ್ಟು ಹಾವು ಕಚ್ಚಿದಾಗ ಎಷ್ಟೋ ಸಲ ನೋವೂ ಇರುವುದಿಲ್ಲ, ಗಾಯದ ಗುರುತೂ ಕಾಣುವುದಿಲ್ಲ. ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದು ಬರುತ್ತಾರೆ, ನಿಧಾನಕ್ಕೆ ರೆಪ್ಪೆ ಇಳಿಬೀಳುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಆ ಹೊತ್ತಿಗೆ ಪ್ರತಿವಿಷದ ಸೀಸೆಯೊಂದೇ ಸಾಲದು. ಗಂಟಲಿಗೆ ನಳಿಕೆ ಹಾಕಿ, ಗಂಟೆಗಟ್ಟಲೆ ಉಸಿರು ಕೊಡಬಲ್ಲ ಕೈ ಬೇಕು. ಪ್ರತಿವಿಷಕ್ಕೇ ದೇಹ ತಿರುಗಿಬಿದ್ದು ರಕ್ತದೊತ್ತಡ ಕುಸಿದರೆ ತಕ್ಷಣ ಅಡ್ರಿನಲಿನ್ ಕೊಡುವ ಧೈರ್ಯ ಬೇಕು. ಆ ಧೈರ್ಯವಿಲ್ಲದ ಕಡೆ ಪ್ರತಿವಿಷವನ್ನು ಶುರುಮಾಡುವುದಕ್ಕೇ ಹಿಂಜರಿದು, ರೋಗಿಯನ್ನು ಆಂಬ್ಯುಲೆನ್ಸ್ ಹತ್ತಿಸುತ್ತಾರೆ. ಕೀಟನಾಶಕದ ವಿಷಕ್ಕೂ ಇದೇ ಮಾತು. ಅಟ್ರೋಪಿನ್ ಎಲ್ಲ ಕಡೆ ಇದೆ, ಆದರೆ ಐದೈದು ನಿಮಿಷಕ್ಕೆ ಪ್ರಮಾಣವನ್ನು ಇಮ್ಮಡಿಗೊಳಿಸುತ್ತಾ, ಶ್ವಾಸಕೋಶದ ನೀರು ಒಣಗುವವರೆಗೂ ನಿಲ್ಲಿಸದೆ ಕೊಡುವುದನ್ನು ಪುಸ್ತಕ ಓದಿ ರೂಢಿಸಿಕೊಳ್ಳಲಾಗದು. ಮೇಲೊಬ್ಬ ಅನುಭವಿ ನಿಂತಿರುವಾಗ ಹತ್ತಾರು ಸಲ ಮಾಡಿಯೇ ಅದು ಕೈಗೆ ಕೂರಬೇಕು.

ಸರ್ಕಾರ ಸಾಧನ ಒದಗಿಸಿಲ್ಲ ಎಂಬ ದೂರು ಈಗ ಹಿಂದಿನಷ್ಟು ನಿಲ್ಲುವುದಿಲ್ಲ. ಆರೋಗ್ಯ ಕವಚ 108 ಆಂಬ್ಯುಲೆನ್ಸ್ ಸೇವೆ 2008ರಿಂದ ಓಡುತ್ತಿದೆ. 2021ರ ಅಕ್ಟೋಬರ್ 29ರಂದು ತೀರಿಕೊಂಡ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ಜಯದೇವದಂಥ ಕೇಂದ್ರದ ತಜ್ಞರು ದೂರದಿಂದಲೇ ಓದುತ್ತಾರೆ, ಹೃದಯದ ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡಲಾಗುತ್ತದೆ. ಈ ಯೋಜನೆಯನ್ನು ಮನಸಾರೆ ಮೆಚ್ಚುತ್ತೇನೆ. ಆದರೂ ದೂರದ ತಜ್ಞರು ಹೇಳಬಲ್ಲದ್ದು ಗೆರೆಗಳ ಅರ್ಥವನ್ನು ಮಾತ್ರ. ಈ ರೋಗಿಗೆ ಇತ್ತೀಚೆಗೆ ಪಾರ್ಶ್ವವಾಯು ಆಗಿತ್ತೇ, ಎದೆನೋವು ಮಹಾಪಧಮನಿ ಸೀಳಿದ್ದರಿಂದ ಬಂದದ್ದೇ ಎಂದು ಹಾಸಿಗೆಯ ಪಕ್ಕ ನಿಂತು ತೀರ್ಮಾನಿಸುವವರು, ಚುಚ್ಚುಮದ್ದಿನ ಮಧ್ಯೆ ಹೃದಯದ ಲಯ ತಪ್ಪಿದರೆ ಷಾಕ್ ಕೊಡುವವರು ಸ್ಥಳದಲ್ಲಿರುವ ವೈದ್ಯರು. ಕೋವಿಡ್ ಕಾಲದಲ್ಲಿ ಊರೂರಿಗೆ ಬಂದ ವೆಂಟಿಲೇಟರ್‌ಗಳಲ್ಲಿ ಎಷ್ಟೋ, ನಡೆಸುವವರಿಲ್ಲದೆ ಮೂಲೆ ಸೇರಿದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಯಂತ್ರ ಮತ್ತು ಔಷಧಿಗೆ ಹಣ ಹಾಕಿದ ಮೇಲೆ ಅದನ್ನು ಬಳಸುವ ಮನುಷ್ಯರಿಗೆ ಹಾಕದಿದ್ದರೆ ಮೊದಲಿನ ಹಣವೂ ವ್ಯರ್ಥ.

ಇಂಥ ತರಬೇತಿ ಹೊಸ ಕಲ್ಪನೆಯಲ್ಲ. ಕೆನಡಾದಲ್ಲಿ 1980ರ ದಶಕದ ಆರಂಭದಿಂದಲೂ ತುರ್ತು ವೈದ್ಯರಾಗಲು ಎರಡು ದಾರಿಗಳಿವೆ. ಒಂದು, ರಾಯಲ್ ಕಾಲೇಜಿನ ಐದು ವರ್ಷದ ತಜ್ಞತೆ. ಇನ್ನೊಂದು, ಎರಡು ವರ್ಷದ ಕುಟುಂಬ ವೈದ್ಯಕೀಯ ರೆಸಿಡೆನ್ಸಿಯ ಬೆನ್ನಿಗೆ ಕಾಲೇಜ್ ಆಫ್ ಫ್ಯಾಮಿಲಿ ಫಿಸಿಷಿಯನ್ಸ್‌ನ ಅಡಿ ತುರ್ತು ಚಿಕಿತ್ಸೆಗೆಂದೇ ಒಂದು ವರ್ಷ. ಈ ಮೂರನೇ ವರ್ಷಕ್ಕೆ ಪ್ರತ್ಯೇಕ ಅರ್ಜಿ, ಶಿಫಾರಸು ಪತ್ರ, ಸಂದರ್ಶನ ಎಲ್ಲ ಇರುತ್ತವೆ; ಆಯ್ಕೆಯಾದವರು ತುರ್ತು ವಿಭಾಗ, ತೀವ್ರ ನಿಗಾ ಘಟಕ, ಅರಿವಳಿಕೆ, ಅಪಘಾತ, ಮಕ್ಕಳ ತುರ್ತು ಚಿಕಿತ್ಸೆಗಳಲ್ಲಿ ಸರದಿಯಂತೆ ಕೆಲಸ ಮಾಡಿ ಪರೀಕ್ಷೆ ಬರೆಯುತ್ತಾರೆ. ವಿಶಾಲವಾದ, ಜನ ವಿರಳವಾದ ಆಸ್ಟ್ರೇಲಿಯಾದಲ್ಲೂ ಗ್ರಾಮೀಣ ವೈದ್ಯರು ತುರ್ತು ಚಿಕಿತ್ಸೆಯನ್ನು ಹನ್ನೆರಡು ತಿಂಗಳ ಹೆಚ್ಚುವರಿ ಕೌಶಲವಾಗಿ ಕಲಿಯಬಹುದು. ಎರಡೂ ನಮಗಿಂತ ಶ್ರೀಮಂತ ದೇಶಗಳು. ಅಷ್ಟು ಹಣವಿದ್ದೂ, ಪ್ರತಿಯೊಂದು ಸಣ್ಣ ಊರಿಗೂ ಪೂರ್ಣಾವಧಿ ತಜ್ಞರನ್ನು ಕಳಿಸಲಾಗದು ಎಂದು ಅವು ಒಪ್ಪಿಕೊಂಡಿವೆ.

ಕೆನಡಾದ ಅನುಭವದಲ್ಲಿ ನಮಗೆ ಎಚ್ಚರಿಕೆಯೂ ಇದೆ. ಆ ಮೂರನೇ ವರ್ಷ ಮುಗಿಸಿದವರಲ್ಲಿ ಬಹಳ ಮಂದಿ ಕುಟುಂಬ ವೈದ್ಯಕೀಯವನ್ನು ಬಿಟ್ಟು ನಗರದ ದೊಡ್ಡ ಆಸ್ಪತ್ರೆಗಳಲ್ಲಿ ತುರ್ತು ವೈದ್ಯರಾಗಿಯೇ ನೆಲೆಯೂರಿದರು. ಹಳ್ಳಿಗಾಡಿನ ಎಮರ್ಜೆನ್ಸಿಗಳನ್ನು ಈ ಹೆಚ್ಚುವರಿ ವರ್ಷವಿಲ್ಲದ ಕುಟುಂಬ ವೈದ್ಯರೇ ಹೊತ್ತು ನಡೆಸುತ್ತಾ ಬಂದರು. 2022ರಿಂದೀಚೆಗೆ ಸಿಬ್ಬಂದಿ ಸಾಲದೆ ಅಂಥ ಹಲವು ಕೇಂದ್ರಗಳು ರಾತ್ರಿ ಅಥವಾ ವಾರಾಂತ್ಯ ಬಾಗಿಲು ಹಾಕಬೇಕಾಯಿತು. ತರಬೇತಿಯ ಗುಣಮಟ್ಟಕ್ಕೂ ಇದಕ್ಕೂ ಸಂಬಂಧವಿಲ್ಲ. ಕಲಿತ ಕೌಶಲಕ್ಕೆ ನಗರದಲ್ಲಿ ಹೆಚ್ಚು ಬೆಲೆ ಇರುವಾಗ, ಮರಳುವ ಷರತ್ತಿಲ್ಲದೆ ಕಲಿಸಿದರೆ ಕಲಿತವರು ಅತ್ತಲೇ ಹೋಗುತ್ತಾರೆ. ಎಲ್ಲ ಕುಟುಂಬ ವೈದ್ಯರ ರೆಸಿಡೆನ್ಸಿಯನ್ನೇ ಮೂರು ವರ್ಷಕ್ಕೆ ಹಿಗ್ಗಿಸುವ ಯೋಜನೆಯೂ ಅಲ್ಲಿ ಬಂದಿತ್ತು. 2023ರ ನವೆಂಬರ್‌ನಲ್ಲಿ ಕಾಲೇಜ್ ಆಫ್ ಫ್ಯಾಮಿಲಿ ಫಿಸಿಷಿಯನ್ಸ್‌ನ ಸದಸ್ಯರೇ ಅದಕ್ಕೆ ವಿರುದ್ಧವಾಗಿ ಮತ ಹಾಕಿದ ಮೇಲೆ ಅದನ್ನು ಕೈಬಿಡಲಾಯಿತು. ಎಲ್ಲರ ಮೇಲೂ ಹೇರುವುದು ನಡೆಯಲಿಲ್ಲ, ಬಯಸಿದವರಿಗೆಲ್ಲ ಷರತ್ತಿಲ್ಲದೆ ಕೊಟ್ಟದ್ದು ಹಳ್ಳಿಗೆ ತಲುಪಲಿಲ್ಲ. ಉಳಿಯುವುದು ಊರನ್ನು ನೋಡಿ ಆರಿಸುವ ದಾರಿ.

ಆದ್ದರಿಂದ ನಮ್ಮಲ್ಲಿ ಅರ್ಜಿಯ ನಮೂನೆಯೇ ಬೇರೆಯಾಗಿರಬೇಕು. ತಾಲ್ಲೂಕು ಆಸ್ಪತ್ರೆ ಅಥವಾ ಸಮುದಾಯ ಆರೋಗ್ಯ ಕೇಂದ್ರದಲ್ಲಿ ಕೆಲವು ವರ್ಷ ದುಡಿದವರು, ಕುಟುಂಬ ವೈದ್ಯಕೀಯದಲ್ಲಿ ಡಿಎನ್‌ಬಿ ಅಥವಾ ಡಿಪ್ಲೊಮಾ ಪಡೆದು ಸಣ್ಣ ಊರಲ್ಲಿ ನಿಂತವರು ಇದಕ್ಕೆ ಅರ್ಹರು. ಆಯ್ಕೆಯಲ್ಲಿ ಹೆಚ್ಚಿನ ಅಂಕ ಸಿಗಬೇಕಾದದ್ದು ಸೇವೆಯ ದಾಖಲೆಗೆ ಮತ್ತು ಆಸ್ಪತ್ರೆಯ ಅಗತ್ಯಕ್ಕೆ. ವೈದ್ಯಕೀಯ ಕಾಲೇಜಿನಿಂದ ಎರಡು ಗಂಟೆ ದೂರವಿರುವ ಊರಿನ ಅರ್ಜಿದಾರರಿಗೆ ಅರ್ಧ ಗಂಟೆ ದೂರದವರಿಗಿಂತ ಮೊದಲ ಅವಕಾಶ ಸಿಗಲಿ. ನೀಟ್ ಪಿಜಿಗೆ ಓದುವುದಕ್ಕೆಂದು ಕ್ಯಾಶುವಾಲಿಟಿಯಿಂದ ದೂರ ಸರಿಯುವ ವೈದ್ಯರನ್ನು ನಮ್ಮ ವ್ಯವಸ್ಥೆ ಬಹುಮಾನಿಸುತ್ತದೆ, ರಾತ್ರಿಯೆಲ್ಲ ರೋಗಿಗಳ ಜೊತೆ ನಿಂತವರಿಗೆ ಓದಲು ಸಮಯವೇ ಸಿಗುವುದಿಲ್ಲ. ಈ ಒಂದು ಬಾಗಿಲಾದರೂ ಅವರ ಕಡೆಗೆ ತೆರೆಯಬೇಕೆಂಬುದು ನನ್ನ ಆಗ್ರಹ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಈಗಾಗಲೇ ಹಲವು ವಿಷಯಗಳಲ್ಲಿ ಫೆಲೋಶಿಪ್ ನಡೆಸುತ್ತಿರುವುದರಿಂದ, ಇದಕ್ಕೊಂದು ಶೈಕ್ಷಣಿಕ ಚೌಕಟ್ಟು ಒದಗಿಸುವುದು ಅಸಾಧ್ಯವೇನಲ್ಲ.

ಇದು ಅರ್ಧ ತಜ್ಞರನ್ನು ಸೃಷ್ಟಿಸುತ್ತದೆ, ಬಡವರಿಗೆ ಎರಡನೇ ದರ್ಜೆಯ ಚಿಕಿತ್ಸೆ ಕೊಡುತ್ತದೆ ಎಂಬ ಆಕ್ಷೇಪ ಖಂಡಿತ ಬರುತ್ತದೆ. ಈ ಮಾತಿನ ಹಿಂದಿನ ಕಾಳಜಿ ನಿಜವಾದದ್ದು. ಆದರೆ ಹೋಲಿಕೆ ಯಾರ ಜೊತೆ? ಆ ಹಾಸಿಗೆಯ ಬಳಿ ಇವತ್ತು ಎಂಡಿ ಮಾಡಿದವರು ನಿಂತಿದ್ದು, ಅವರನ್ನು ಸರಿಸಿ ಇವರನ್ನು ತಂದರೆ ಆಕ್ಷೇಪ ಸರಿ. ಇವತ್ತು ಅಲ್ಲಿರುವುದು ಇದೇ ವೈದ್ಯರು, ತರಬೇತಿಯಿಲ್ಲದೆ. ಎಂಡಿ ತಜ್ಞರ ಅಗತ್ಯ ಇದರಿಂದ ಕಡಿಮೆಯಾಗುವುದಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ವಿಭಾಗ ಕಟ್ಟಲು, ಈ ರೆಸಿಡೆಂಟ್‌ಗಳಿಗೆ ಕಲಿಸಲು ಅವರೇ ಬೇಕು. ಎರಡು ದಿನದ ಜೀವರಕ್ಷಕ ಕೋರ್ಸ್ ಸಾಲದೇ ಎಂದು ಇನ್ನು ಕೆಲವರು ಕೇಳುತ್ತಾರೆ. ಗೊಂಬೆಯ ಎದೆ ಒತ್ತಿ ಕಲಿತದ್ದು ತಿಂಗಳುಗಳಲ್ಲೇ ಮಾಸುತ್ತದೆ. ಈ ಕೋರ್ಸ್‌ಗಳು ತಾಲೀಮನ್ನು ನೆನಪಿಸಬಲ್ಲವು, ತಾಲೀಮು ಕೊಡಲಾರವು.

ಹೆಚ್ಚು ತೂಕದ ಆಕ್ಷೇಪ ಬೇರೆಯದು. ಇರುವ ಒಬ್ಬ ವೈದ್ಯರನ್ನೂ ಒಂದು ವರ್ಷ ಕರೆದೊಯ್ದರೆ ಆಸ್ಪತ್ರೆಯನ್ನು ಯಾರು ನೋಡಬೇಕು? ಇದಕ್ಕೆ ಖರ್ಚಿಲ್ಲದ ಉತ್ತರವಿಲ್ಲ. ಕಡ್ಡಾಯ ಗ್ರಾಮೀಣ ಸೇವೆಗೆ ಬರುವ ಯುವ ವೈದ್ಯರನ್ನು ಮೊದಲು ಆ ಖಾಲಿ ಜಾಗಕ್ಕೆ ನೇಮಿಸಬೇಕು, ಒಂದೇ ಜಿಲ್ಲೆಯಿಂದ ಒಮ್ಮೆಗೇ ಹಲವರನ್ನು ಕಳಿಸಬಾರದು, ತರಬೇತಿಯಲ್ಲಿರುವವರಿಗೆ ಪೂರ್ತಿ ಸಂಬಳ ಸಿಗುತ್ತಿರಬೇಕು. ಕಲಿತವರು ಕಾರ್ಪೊರೇಟ್ ಆಸ್ಪತ್ರೆಗೋ ವಿದೇಶಕ್ಕೋ ಹೋಗಿಬಿಟ್ಟರೆ ಎಂಬ ಭಯಕ್ಕೆ ಬಾಂಡ್ ಬರೆಸಿಕೊಳ್ಳುವುದು ಒಂದು ಉತ್ತರ, ಆದರೆ ದುರ್ಬಲ ಉತ್ತರ. ಊರಿನಲ್ಲಿ ಮನೆ ಮಾಡಿದವರನ್ನು, ಅಲ್ಲಿ ವರ್ಷಗಳನ್ನು ಕಳೆದವರನ್ನು ಆರಿಸಿದರೆ ಬಾಂಡಿನ ಹಾಳೆಗಿಂತ ಅದೇ ಗಟ್ಟಿ ಹಿಡಿತ. ತುರ್ತು ಪಾಳಿಗೆ ಪ್ರತ್ಯೇಕ ಭತ್ಯೆಯೂ, ಜನ ರೊಚ್ಚಿಗೆದ್ದಾಗ ರಕ್ಷಣೆಯೂ ಬೇಕೇ ಬೇಕು.

ನಮ್ಮದೇ ದೇಶದಲ್ಲಿ ಇದಕ್ಕೊಂದು ಪೂರ್ವನಿದರ್ಶನವಿದೆ. ಹೆರಿಗೆಯ ತುರ್ತು ಶಸ್ತ್ರಚಿಕಿತ್ಸೆಗೆ ಅರಿವಳಿಕೆ ತಜ್ಞರು ಸಿಗದಾಗ, ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ ಎಂಬಿಬಿಎಸ್ ವೈದ್ಯರಿಗೆ ಹದಿನೆಂಟು ವಾರಗಳ ಜೀವರಕ್ಷಕ ಅರಿವಳಿಕೆ ತರಬೇತಿ ಕೊಡಲಾಯಿತು. ಅವರು ಅಸಮರ್ಥರೆಂಬ ವಾದವನ್ನು ಕೆಲಸವೇ ಅಲ್ಲಗಳೆಯಿತು. ಆ ಕಾರ್ಯಕ್ರಮ ಸೊರಗಿದ್ದು ಬೇರೆ ಕಡೆ: ತರಬೇತಿ ಪಡೆದವರಲ್ಲಿ ಹಲವರನ್ನು ಶಸ್ತ್ರಚಿಕಿತ್ಸೆಯೇ ನಡೆಯದ ಕೇಂದ್ರಗಳಿಗೆ ಹಾಕಿದರು, ಜೊತೆಗೆ ಸ್ತ್ರೀರೋಗ ತಜ್ಞರಿರಲಿಲ್ಲ, ಉಪಕರಣವಿರಲಿಲ್ಲ, ಕಲಿತ ಕೈ ಮರೆಯತೊಡಗಿತು. ತುರ್ತು ಚಿಕಿತ್ಸೆಯ ರೆಸಿಡೆನ್ಸಿಗೆ ಪ್ರವೇಶ ಪತ್ರ ಕೊಡುವಾಗಲೇ, ತರಬೇತಿ ಮುಗಿದ ಮರುದಿನದಿಂದ ಯಾವ ಆಸ್ಪತ್ರೆ, ಅಲ್ಲಿ ಎಷ್ಟು ಹಾಸಿಗೆಯ ತುರ್ತು ಕೊಠಡಿ, ಪಾಳಿಗೆ ಎಷ್ಟು ನರ್ಸ್‌ಗಳು, ವೆಂಟಿಲೇಟರ್ ಮತ್ತು ಡಿಫಿಬ್ರಿಲೇಟರ್ ಇವೆಯೇ ಎಂಬುದನ್ನು ಬರೆದಿರುವ ನಿಯೋಜನೆ ಆದೇಶವೂ ಅದರ ಜೊತೆಯಲ್ಲೇ ವೈದ್ಯರ ಕೈಸೇರಬೇಕು. ಅವರು ಕಲಿಯುವ ಆ ಹನ್ನೆರಡು ತಿಂಗಳು ಆ ಕೊಠಡಿಯನ್ನು ಸಜ್ಜುಗೊಳಿಸಲು ಇಲಾಖೆಗೆ ಸಿಗುವ ಗಡುವು.