ಇಗರ್ಜಿಯ ಹಾಡು, ಹೆಣ್ಣಿನ ಕಂಠ

ಲಂಡನ್ನಿನ ಸಂತ ಪೌಲರ ಮಹಾದೇವಾಲಯವು ಸುಮಾರು ಒಂಬೈನೂರು ವರ್ಷಗಳಿಂದ ಬಾಲಕರಿಗೂ ಪುರುಷರಿಗೂ ಮೀಸಲಾಗಿದ್ದ ತನ್ನ ಗಾಯನವೃಂದಕ್ಕೆ ಬಾಲಕಿಯರನ್ನೂ ಸೇರಿಸಿಕೊಳ್ಳುವುದಾಗಿ 2022ರಲ್ಲಿ ಸಾರಿತು. ಅದೇ ವರ್ಷ ಕೇಂಬ್ರಿಜಿನ ಸಂತ ಜಾನರ ಕಾಲೇಜಿನ ಪ್ರಸಿದ್ಧ ವೃಂದದಲ್ಲಿಯೂ ಬಾಲಕಿಯರು ನಿಂತು ಹಾಡಿದರು. ಸಭೆಯಲ್ಲಿ ಸ್ತ್ರೀಯರು ಮೌನವಾಗಿರಬೇಕೆಂಬ ಮಾತು ಬರುವುದು ಪೌಲರ ಹೆಸರಿನ ಪತ್ರದಲ್ಲಿಯೇ ಎಂಬುದನ್ನು ನೆನೆದರೆ, ಅವರ ಹೆಸರಿನ ದೇವಾಲಯದಲ್ಲಿ ಈ ಮೌನ ಮುರಿದದ್ದು ಸ್ವಾರಸ್ಯವಾಗಿಯೇ ಇದೆ.

ಇದನ್ನು ಜೋಯಿಡಾ ತಾಲ್ಲೂಕಿನ ರಾಮನಗರದಲ್ಲಿ ಹೇಳಿದರೆ, ಇದರಲ್ಲಿ ಸುದ್ದಿಯೇನು ಎಂದು ಕೇಳಿಯಾರು. ಸೂಪಾ ಅಣೆಕಟ್ಟಿನ ನೀರಿಗೆ ಊರು ಬಿಟ್ಟುಕೊಟ್ಟವರು ಬಂದು ನೆಲೆನಿಂತ ಊರು ಇದು. ಕೊಂಕಣಿ, ಮರಾಠಿ, ಕನ್ನಡ ಮೂರೂ ಒಂದೇ ಬೀದಿಯಲ್ಲಿ ಕೇಳುತ್ತವೆ. ಇಲ್ಲಿಯ, ಹಳಿಯಾಳದ ಕಡೆಯ ಇಗರ್ಜಿಗಳಲ್ಲಿ ಹೆಣ್ಣುಮಕ್ಕಳ ದನಿಯಿಲ್ಲದ ವೃಂದವನ್ನು ನಾನು ಕಂಡಿಲ್ಲ. ಆದರೆ ನಮಗೆ ಸಹಜವಾಗಿ ತೋರುವ ಈ ದೃಶ್ಯದ ವಯಸ್ಸು ಬಹಳವಲ್ಲ.

1903ರಲ್ಲಿ ಹತ್ತನೆಯ ಪಿಯುಸ್ ಜಗದ್ಗುರುಗಳು ಹೊರಡಿಸಿದ ಸಂಗೀತವಿಷಯಕ ಆಜ್ಞೆಯ ತರ್ಕವನ್ನು ಗಮನಿಸಬೇಕು. ಪೂಜೆಯಲ್ಲಿ ಹಾಡುವುದು ಒಂದು ಧಾರ್ಮಿಕ ಅಧಿಕಾರ. ಅಂತಹ ಅಧಿಕಾರಕ್ಕೆ ಸ್ತ್ರೀಯು ಅರ್ಹಳಲ್ಲ. ಆದ್ದರಿಂದ ಏರುದನಿ ಬೇಕಾದಲ್ಲಿ ಬಾಲಕರಿಂದ ಹಾಡಿಸತಕ್ಕದ್ದು. ಕಂಠ ಒಳ್ಳೆಯದಲ್ಲವೆಂದು ಯಾರೂ ಹೇಳಲಿಲ್ಲ! ಏರುದನಿಯ ಅಗತ್ಯಕ್ಕಾಗಿಯೇ ರೋಮಿನಲ್ಲಿ ಶತಮಾನಗಳ ಕಾಲ, ಬಾಲ್ಯದಲ್ಲಿಯೇ ಪುಂಸ್ತ್ವವನ್ನು ಕಳೆದು ಎಳೆಯ ದನಿಯನ್ನು ಉಳಿಸಿದ ಗಾಯಕರು ಹಾಡುತ್ತಿದ್ದರು. ಅವರಲ್ಲಿ ಕೊನೆಯವನೆಂದು ಹೆಸರಾದ ಅಲೆಸಾಂದ್ರೊ ಮೊರೆಸ್ಕಿ 1922ರವರೆಗೂ ಬದುಕಿದ್ದ. ಅವನ ಹಾಡು ಧ್ವನಿಮುದ್ರಿಕೆಯಲ್ಲಿ ಇಂದಿಗೂ ಕೇಳಸಿಗುತ್ತದೆ. ಹುಡುಗಿಯೊಬ್ಬಳು ಬಾಯಿ ತೆರೆಯುವುದಕ್ಕಿಂತ ಹುಡುಗನ ದೇಹವನ್ನು ಊನಗೊಳಿಸುವುದು ಒಂದು ಕಾಲಕ್ಕೆ ಸಹ್ಯವಾಗಿತ್ತು ಎಂದ ಮೇಲೆ ಸಂಪ್ರದಾಯದ ಪಾವಿತ್ರ್ಯವನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ.

1955ರಲ್ಲಿ ಹನ್ನೆರಡನೆಯ ಪಿಯುಸರು, ಬಾಲಕರ ವೃಂದ ದೊರೆಯದ ಕಡೆ ಸ್ತ್ರೀಯರೂ ಹಾಡಬಹುದೆಂದು ಒಪ್ಪಿದರು. ಆದರೆ ಗರ್ಭಗೃಹದ ಹೊರಗೆ, ಪುರುಷರಿಂದ ಬೇರೆಯಾಗಿ ನಿಂತು. 1967ರ ನಿರ್ದೇಶದಲ್ಲಿ ಮಿಶ್ರವೃಂದಕ್ಕೂ ಸ್ತ್ರೀವೃಂದಕ್ಕೂ ಎಡೆ ಸಿಕ್ಕಿತು. ಕಾರವಾರ ಧರ್ಮಪ್ರಾಂತವು ಸ್ಥಾಪಿತವಾದದ್ದು 1976ರಲ್ಲಿ. ಅಷ್ಟು ಹೊತ್ತಿಗೆ ಬಾಗಿಲು ತೆರೆದಾಗಿತ್ತು.

ಇಂಗ್ಲೆಂಡಿನ ಆಕ್ಷೇಪಕರ ಮಾತನ್ನೂ ಕೇಳಬೇಕು. ಬಾಲಕನ ದನಿಯ ಬೆಡಗು ಅದರ ಕ್ಷಣಿಕತೆಯಲ್ಲಿದೆ, ಹದಿಮೂರರ ಸುಮಾರಿಗೆ ಅದು ಒಡೆಯುತ್ತದೆ. ಹುಡುಗಿಯರು ಬಂದರೆ ಹುಡುಗರು ಹಾಡಿನಿಂದ ಹಿಂಜರಿಯುತ್ತಾರೆ ಎಂಬುದು ಅವರ ಅಂಜಿಕೆ. ತರಗತಿಯಲ್ಲಿ ಪದ್ಯ ವಾಚಿಸಲು ನಾಚುವ ಹುಡುಗರನ್ನು ದಿನವೂ ನೋಡುವ ನಾನು ಇದನ್ನು ಪೂರ್ತಿಯಾಗಿ ಅಲ್ಲಗಳೆಯಲಾರೆ. ಆದರೆ ಆ ವೃಂದಗಳು ಕೇವಲ ಹಾಡುವ ಗುಂಪುಗಳಲ್ಲ, ಸಂಗೀತದ ಗುರುಕುಲಗಳು. ಹೆನ್ರಿ ಪರ್ಸೆಲ್ ರಾಜಪ್ರಾರ್ಥನಾಲಯದ ಬಾಲಗಾಯಕನಾಗಿ ಕಲಿತವನು, ಹೈಡನ್ ವಿಯೆನ್ನಾದ ಸಂತ ಸ್ಟೀಫನ್ನರ ದೇವಾಲಯದಲ್ಲಿ. ಹುಡುಗಿಯರಿಗೆ ತಪ್ಪಿದ್ದು ಭಾನುವಾರದ ಹಾಡೊಂದೇ ಅಲ್ಲ, ಈ ವಿದ್ಯೆ. ಸಾಲ್ಸ್‌ಬರಿಯ ದೇವಾಲಯವು 1991ರಲ್ಲಿ ಬಾಲಕಿಯರಿಗೆ ಪ್ರತ್ಯೇಕ ವೃಂದವನ್ನೇ ಕಟ್ಟಿತು. ಹುಡುಗರ ಸ್ಥಾನಕ್ಕೂ ಕುಂದಿಲ್ಲ, ಹುಡುಗಿಯರಿಗೂ ಕಲಿಕೆ ಸಿಕ್ಕಿತು. ಜಾಣತನದ ಉಪಾಯವೇ ಸರಿ. ಆದರೂ ಪ್ರತ್ಯೇಕ ಪೀಠ ಬೇರೆ, ಅದೇ ಪೀಠದಲ್ಲಿ ಕುಳಿತುಕೊಳ್ಳುವುದು ಬೇರೆ.

ಈ ಅಂತರವನ್ನು ಕನ್ನಡಿಗರಿಗೆ ಯಕ್ಷಗಾನವು ಚೆನ್ನಾಗಿ ತಿಳಿಸೀತು. ಮಹಿಳಾ ಮೇಳಗಳು ಬಂದಾಗ ರಸಿಕರು ಚಪ್ಪಾಳೆ ತಟ್ಟಿದರು; ವೃತ್ತಿಮೇಳದ ಭಾಗವತಿಕೆಗೆ ಹೆಣ್ಣು ಬಂದಾಗ ಪ್ರಶ್ನೆ ಬೇರೆಯಾಯಿತು. ಭಾಗವತರೆಂದರೆ ಬರಿಯ ಹಾಡುಗಾರರಲ್ಲ, ಆಟದ ಸೂತ್ರಧಾರರು. ವೇಷಧಾರಿಯ ಪ್ರವೇಶ ನಿರ್ಗಮನಗಳೆಲ್ಲ ಅವರ ಕೈಯ ಜಾಗಟೆಗೆ ಅಧೀನ. ಕಾಸರಗೋಡಿನ ಮಧೂರಿನಲ್ಲಿ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯರು ತೆಂಕುತಿಟ್ಟಿನಲ್ಲಿ ಈ ಪೀಠವನ್ನು ಏರಿದ ಮೊದಲ ವೃತ್ತಿಪರ ಮಹಿಳೆ. ಪತಿ ಹರಿನಾರಾಯಣ ಬೈಪಾಡಿತ್ತಾಯರು ಹಿಮ್ಮೇಳದಲ್ಲಿ ಜೊತೆಯಾದರು. ಹೆಣ್ಣಿನ ಕಂಠದ ಶ್ರುತಿ ಸಾಮಾನ್ಯವಾಗಿ ಬೇರೆ. ಅದಕ್ಕೆ ತಕ್ಕಂತೆ ಮದ್ದಳೆಯ ಶ್ರುತಿಯೂ ಬದಲಾಗಬೇಕು. ಬಂದವರು ಹಳೆಯ ಶ್ರುತಿಗೆ ಬಗ್ಗಬೇಕೋ, ವಾದ್ಯವೇ ಅವರಿಗೆ ಹೊಂದಿಕೊಳ್ಳಬೇಕೋ? ಹಾಡಲು ಅನುಮತಿ ಕೊಡುವುದಕ್ಕೂ ಮೇಳವು ತನ್ನನ್ನು ತಾನೇ ತಿದ್ದಿಕೊಳ್ಳುವುದಕ್ಕೂ ಇರುವ ವ್ಯತ್ಯಾಸವೆಲ್ಲ ಈ ಪ್ರಶ್ನೆಯಲ್ಲಿದೆ. ಆಕೆ 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಇಂದು ಕೆಲವು ತರುಣಿಯರ ಭಾಗವತಿಕೆಗೆ ಜನ ಮುಗಿಬೀಳುತ್ತಾರೆ. ಆದರೂ ತಿರುಗಾಟದ ಮೇಳಗಳಲ್ಲಿ ಆ ಪೀಠದಲ್ಲಿ ಕಾಣುವವರು ಬಹುಮಟ್ಟಿಗೆ ಪುರುಷರೇ.

2021ರ ಜನವರಿಯಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ವಾಚಕರ ಮತ್ತು ಪೀಠಸೇವಕರ ಅಧಿಕಾರವನ್ನು ಸ್ತ್ರೀಯರಿಗೂ ತೆರೆದರು. 1903ರ ಆಜ್ಞೆ ನಿಂತಿದ್ದುದು ಸ್ತ್ರೀಗೆ ಅಂತಹ ಅಧಿಕಾರ ಸಲ್ಲದೆಂಬ ಮಾತಿನ ಮೇಲೆ ತಾನೆ? ಬುಡವೇ ಸಡಿಲಿತೆಂದಾಯಿತು, ಗುರುಪಟ್ಟದ ಬಾಗಿಲು ಮಾತ್ರ ಹಾಗೆಯೇ ಮುಚ್ಚಿದೆ. ನಮ್ಮ ಕಡೆಯ ಹುಡುಗಿಯರಂತೂ ಹಾಡುತ್ತಲೇ ಇದ್ದಾರೆ. ಇನ್ನು ನೋಡಬೇಕಾದದ್ದು, ವಾದ್ಯದ ಮುಂದೆ ಕುಳಿತು ಶ್ರುತಿಯನ್ನು ನಿಶ್ಚಯಿಸುವವರು ಯಾರು, ಮುಂದಿನ ಭಾನುವಾರಕ್ಕೆ ಹಾಡುಗಳನ್ನು ಆರಿಸುವವರು ಯಾರು ಎಂಬುದನ್ನು.