ಗುಳಿಗೆಯ ನಿಜ ಹೆಸರು

ಪ್ರತಿ ತಿಂಗಳು ದೇವದುರ್ಗ, ಮಾನ್ವಿಯಿಂದ ರಾಯಚೂರಿಗೆ ಬಂದು ಸಕ್ಕರೆ ಕಾಯಿಲೆಯ ಗುಳಿಗೆ ಒಯ್ಯುವ ಪಾಲಕರಲ್ಲಿ, ದುಡ್ಡು ಸಾಲದೆ ದಿನ ಬಿಟ್ಟು ದಿನ ನುಂಗುವವರಿದ್ದಾರೆ. ಮಕ್ಕಳೇ, ಮನೆಯಲ್ಲಿರುವ ಸ್ಟ್ರಿಪ್ಪನ್ನು ತಿರುಗಿಸಿ ಓದಿರಿ. ಅದರಲ್ಲಿ ಒಂದು, ಕಂಪನಿ ಇಟ್ಟ ಹೆಸರು; ‘ಮೆಟ್‌ಫಾರ್ಮಿನ್ 500 ಮಿ.ಗ್ರಾಂ’ ಎಂದಿರುವುದೇ ಔಷಧ. ಅಣು ಒಂದೇ, ಅಂಗಿ ಬೇರೆ! ಕೇಂದ್ರ ಸರ್ಕಾರ 2008ರಲ್ಲಿ ಆರಂಭಿಸಿದ ಜನೌಷಧಿ ಮಳಿಗೆಗಳಲ್ಲಿ ಅಂಗಿಯ ಬೆಲೆಯಿಲ್ಲ; ಬಹಳಷ್ಟು ಔಷಧಿಗಳು ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತವೆ. ಶ್ರೀಮಂತ ಅಮೆರಿಕದ ಫ್ಲಾರಿಡಾ ರಾಜ್ಯ ಅಗ್ಗದ ಔಷಧಿಯನ್ನು ಕೆನಡಾದಿಂದ ತರಿಸಲು 2024ರಲ್ಲಿ ಅನುಮತಿ ಪಡೆಯಬೇಕಾಯಿತು. ನಮಗೆ ಅಷ್ಟು ದೂರದ ಯಾತ್ರೆ ಬೇಡ.

ಆದರೆ ಹೆಸರಿನೊಂದಿಗೆ ಮಿಲಿಗ್ರಾಂ ಕೂಡ ತಾಳೆಯಾಗಬೇಕು. ‘ಎಸ್‌ಆರ್’ ಎಂದಿದ್ದರೆ ಅದು ಹೊಟ್ಟೆಯಲ್ಲಿ ನಿಧಾನವಾಗಿ ಕರಗುವ ಗುಳಿಗೆ. ಸಾದಾ ಗುಳಿಗೆಯನ್ನು ನೀವಾಗಿಯೇ ಬದಲಿಗೆ ಕೊಳ್ಳಬಾರದು. ಚೀಟಿ ಬರೆದ ವೈದ್ಯರನ್ನು ಕೇಳಿರಿ.