‘ಕುಡಿಯಲು ಯೋಗ್ಯ’ ಎಂದರೆ ಸಾಲದು

ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಹೊತ್ತ ಊರುಗಳು ಮಾವಳ್ಳಿಪುರ ಮತ್ತು ಮಂಡೂರು. ಜನರ ಪ್ರತಿಭಟನೆಯ ನಂತರ ಮೊದಲನೆಯದಕ್ಕೆ 2012ರಲ್ಲಿ, ಎರಡನೆಯದಕ್ಕೆ 2014ರ ಕೊನೆಯಲ್ಲಿ ಲಾರಿಗಳು ಬರುವುದು ನಿಂತಿತು. ಆದರೆ ಲಾರಿ ನಿಂತ ದಿನವೇ ನೆಲದೊಳಗಿನ ಕೆಲಸ ನಿಲ್ಲುವುದಿಲ್ಲ. ಕೊಳೆತ ಕಸದ ಮೂಲಕ ಇಳಿದ ಮಳೆನೀರು ಕಪ್ಪಗಿನ, ಗಬ್ಬು ನಾರುವ ರಸವಾಗಿ ಅಡಿಯಿಂದ ಸೋರುತ್ತದೆ. ಅದು ಅಂತರ್ಜಲವನ್ನು ಮುಟ್ಟಿತೆಂದರೆ ಹತ್ತಾರು ವರ್ಷ ಕಾಡಬಲ್ಲದು.

ಇಂಥ ಕಡೆ ವಾಸಿಸುವವರು ನಮ್ಮ ನೀರನ್ನು ಪರೀಕ್ಷಿಸಿ ಎಂದು ಕೇಳಿದಾಗ ಎಷ್ಟೋ ಸಲ ಕೈಗೆ ಬರುವುದು ಒಂದೇ ಸಾಲು: ‘ನೀರು ಕುಡಿಯಲು ಯೋಗ್ಯವಾಗಿದೆ.’ ಈ ಸಾಲನ್ನು ಅಷ್ಟಕ್ಕೇ ಒಪ್ಪಿಕೊಳ್ಳಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ರಕ್ತಪರೀಕ್ಷೆಯ ಚೀಟಿಯಲ್ಲಿ ‘ಸಕ್ಕರೆ ಸರಿಯಿದೆ’ ಎಂದಷ್ಟೇ ಬರೆದಿದ್ದರೆ ನಿಮ್ಮ ವೈದ್ಯರು ಸುಮ್ಮನಿರುತ್ತಾರೆಯೇ? ಎಷ್ಟಿತ್ತು, ಊಟಕ್ಕೆ ಮೊದಲೋ ನಂತರವೋ ಎಂದು ಕೇಳುತ್ತಾರೆ. ನೀರಿಗೂ ಅದೇ ನ್ಯಾಯ.

ಸೀಸದ ವಿಷಯವನ್ನೇ ತೆಗೆದುಕೊಳ್ಳಿ. ಬೆಳೆಯುವ ಮಕ್ಕಳ ಮಿದುಳಿಗೆ ಹಾನಿ ಮಾಡುವ ಲೋಹ ಇದು. ಕುಡಿಯುವ ನೀರಿನ ಭಾರತೀಯ ಮಾನಕ 1991ರಲ್ಲಿ ಲೀಟರಿಗೆ 0.05 ಮಿಲಿಗ್ರಾಂವರೆಗೆ ಸೀಸವನ್ನು ಒಪ್ಪಿತ್ತು. 2012ರ ಪರಿಷ್ಕರಣೆಯಲ್ಲಿ ಆ ಮಿತಿ 0.01ಕ್ಕೆ ಇಳಿಯಿತು. ಈಗ ಒಂದು ಪ್ರಯೋಗಾಲಯದ ಯಂತ್ರ 0.05ಕ್ಕಿಂತ ಕಡಿಮೆ ಸೀಸವನ್ನು ಗುರುತಿಸಲಾರದು ಎಂದಿಟ್ಟುಕೊಳ್ಳೋಣ. ನಿಮ್ಮ ಬಾವಿಯಲ್ಲಿ 0.03 ಇದ್ದರೆ, ಅಂದರೆ ಮಿತಿಯ ಮೂರರಷ್ಟಿದ್ದರೆ, ವರದಿಯಲ್ಲಿ ಬರುವುದು ‘ಬಿ.ಡಿ.ಎಲ್.’ ಎಂಬ ಮೂರಕ್ಷರ. ಪತ್ತೆಯ ಮಿತಿಗಿಂತ ಕಡಿಮೆ ಎಂಬುದು ಅದರ ಅರ್ಥ, ಸೀಸ ಇಲ್ಲವೆಂದಲ್ಲ. ಸೌದೆ ತೂಗುವ ತಕ್ಕಡಿಯಲ್ಲಿ ಮೂಗುತಿ ಇಟ್ಟು, ಮುಳ್ಳು ಅಲುಗಲಿಲ್ಲ, ಆದ್ದರಿಂದ ತೂಕವೇ ಇಲ್ಲ ಎಂದಂತೆ! ಬಿ.ಡಿ.ಎಲ್. ಎಂದು ಬರೆಯುವ ಕಡೆಯಲ್ಲೆಲ್ಲ ಆ ಮಿತಿ ಎಷ್ಟು ಎಂಬ ಅಂಕಿಯೂ ಇರಲೇಬೇಕು. ಅದು 0.01ಕ್ಕಿಂತ ಹೆಚ್ಚಿದ್ದರೆ ಆ ಪರೀಕ್ಷೆ ಸೀಸದ ಮಟ್ಟಿಗೆ ನಡೆದೇ ಇಲ್ಲ ಎಂದು ತಿಳಿಯಿರಿ.

ನೈಟ್ರೇಟಿನಲ್ಲಿ ಇನ್ನೊಂದು ತೊಡಕಿದೆ. ಇದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಕೆಲವು ಪ್ರಯೋಗಾಲಯಗಳು ನೈಟ್ರೇಟನ್ನು ಪೂರ್ತಿಯಾಗಿ ಲೆಕ್ಕ ಹಾಕದೆ, ಅದರಲ್ಲಿರುವ ಸಾರಜನಕವನ್ನಷ್ಟೇ ಬರೆಯುತ್ತವೆ. ಹಾಗೆ ಬರೆದ 12 ಎಂಬ ಅಂಕಿ 45ರ ಪಕ್ಕದಲ್ಲಿ ಸಾಧುವಾಗಿ ಕಾಣುತ್ತದೆ. ಅದನ್ನು 4.43ರಿಂದ ಗುಣಿಸಿದರೆ 53 ದಾಟುತ್ತದೆ! ಅಂಕಿ ಯಾವುದರದು ಎಂದು ವಿಚಾರಿಸದೆ ನೆಮ್ಮದಿಪಡಬೇಡಿ.

ಇನ್ನು ಮಾದರಿ ತೆಗೆಯುವ ಬಗೆ. ಪೈಪಿನಲ್ಲಿ ರಾತ್ರಿಯಿಡೀ ನಿಂತ ನೀರನ್ನು ಹಿಡಿದರೆ ಅದು ಪೈಪಿನ ನೀರಾಯಿತೇ ಹೊರತು ನೆಲದ ನೀರಲ್ಲ. ಪಂಪನ್ನು ಸ್ವಲ್ಪ ಹೊತ್ತು ಓಡಿಸಿ ಹಿಡಿಯಬೇಕು. ಲೋಹಗಳ ಪರೀಕ್ಷೆಯ ಬಾಟಲಿಗೆ ನೈಟ್ರಿಕ್ ಆಮ್ಲ ಹಾಕದಿದ್ದರೆ ಒಂದಷ್ಟು ಲೋಹ ಬಾಟಲಿಯ ಗೋಡೆಗೇ ಅಂಟಿಕೊಂಡು, ವರದಿ ಸುಳ್ಳೇ ಚೆನ್ನಾಗಿ ಬರುತ್ತದೆ. ರೋಗಾಣು ಪರೀಕ್ಷೆಗೆ ಕ್ರಿಮಿಶುದ್ಧ ಬಾಟಲಿ ಬೇಕು, ಮಂಜುಗಡ್ಡೆಯಲ್ಲಿಟ್ಟು ಆದಷ್ಟು ಬೇಗ ಪ್ರಯೋಗಾಲಯಕ್ಕೆ ತಲುಪಿಸಬೇಕು. ತಂಪುಪಾನೀಯದ ಹಳೆ ಬಾಟಲಿ ತೊಳೆದು ತುಂಬಿ ಬಸ್ಸಿನಲ್ಲಿ ಕಳಿಸುವ ಉತ್ಸಾಹಿಗಳಿಗೆ ಈ ಮಾತು.

ಕಸದ ರಾಶಿಯ ಅಂಚಿನಿಂದ 50 ಮೀಟರ್ ಒಳಗಿನ ಅಂತರ್ಜಲವನ್ನು ಬೇಸಿಗೆ, ಮಳೆಗಾಲ, ಮಳೆಯ ನಂತರ ಹೀಗೆ ಬೇರೆ ಬೇರೆ ಋತುಗಳಲ್ಲಿ ಪರೀಕ್ಷಿಸಬೇಕೆಂದು 2000ದ ನಿಯಮಗಳಲ್ಲೂ 2016ರ ನಿಯಮಗಳಲ್ಲೂ ಬರೆದಿತ್ತು. ಕಾರಣವಿದೆ. ಒಂದೇ ಋತುವಿನ ಒಂದು ಅಂಕಿಯಿಂದ ಏನೂ ಗೊತ್ತಾಗದು. ಕ್ಲೋರೈಡನ್ನು ನೋಡಿ. ಅದು ಮಣ್ಣಿಗೆ ಅಂಟದೆ ನೀರಿನ ಜೊತೆಗೇ ಸಾಗುವುದರಿಂದ, ಕಸದ ರಸ ಬರುತ್ತಿರುವ ಸುಳಿವನ್ನು ಬಹಳ ಸಲ ಲೋಹಗಳಿಗಿಂತ ಮೊದಲೇ ಕೊಡುತ್ತದೆ. ಒಂದು ಬಾವಿಯಲ್ಲಿ ಅದು 60 ಇದ್ದದ್ದು 120 ಆಗಿ, 210 ಆದರೆ, ಮೂರು ವರದಿಯಲ್ಲೂ ‘ಯೋಗ್ಯ’ ಎಂದೇ ಇರುತ್ತದೆ, ಏಕೆಂದರೆ ಅಪೇಕ್ಷಿತ ಮಿತಿ 250. ಆದರೆ ಮೂರನ್ನೂ ಜೋಡಿಸಿ ನೋಡಿದವರಿಗೆ ಸಂಗತಿ ತಿಳಿಯುತ್ತದೆ. ಇಳಿಜಾರಿನ ಮೇಲ್ಭಾಗದ, ಕಸ ತಾಗದ ಬಾವಿಯೊಂದರ ಅಂಕಿಯೂ ಪಕ್ಕದಲ್ಲಿದ್ದರೆ, ಇದು ಈ ಸೀಮೆಯ ನೀರಿನ ಗುಣವೇ ಎಂಬ ಸಬೂಬಿಗೆ ಎಡೆಯಿರದು.

ಈ ವರದಿಗಳನ್ನು ಕಡತದಲ್ಲಿಡುವ ಬದಲು ಗ್ರಾಮ ಪಂಚಾಯಿತಿಯ ಫಲಕದಲ್ಲಿ, ಹಿಂದಿನ ವರ್ಷಗಳ ಅಂಕಿಗಳೊಡನೆ ಹಾಕಲು ಏನು ಕಷ್ಟವೋ ನನಗೆ ತಿಳಿಯದು. ಹಾಕದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಸ್ಥಳೀಯ ಸಂಸ್ಥೆಯನ್ನೋ ಮಾಲಿನ್ಯ ನಿಯಂತ್ರಣ ಮಂಡಳಿಯನ್ನೋ ಕೇಳಿ. ಸಾರಾಂಶ ಬೇಡ, ಪೂರ್ತಿ ವರದಿಯ ಪ್ರತಿ ಬೇಕೆಂದು ಬರೆಯಿರಿ. ಪ್ರಯೋಗಾಲಯಕ್ಕೆ ಎನ್‌.ಎ.ಬಿ.ಎಲ್. ಮಾನ್ಯತೆ ಇದೆಯೇ, ಅದು ಈ ಪರೀಕ್ಷೆಗಳಿಗೇ ಅನ್ವಯಿಸುತ್ತದೆಯೇ ಎಂಬುದನ್ನೂ ಕೇಳಿ.

ಅಲ್ಲಿಯವರೆಗೆ, ಕಸದ ರಾಶಿಯ ಸಮೀಪದ ಮನೆಗಳಲ್ಲಿ ಆರು ತಿಂಗಳೊಳಗಿನ ಕೂಸಿಗೆ ಹಾಲುಪುಡಿ ಕಲಸಲು ಆ ಕೊಳವೆಬಾವಿಯ ನೀರನ್ನು ಬಳಸಬೇಡಿ. ನೈಟ್ರೇಟ್ ಹೆಚ್ಚಿದ್ದರೆ ಎಳೆಗೂಸಿನ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಂದಿ ಮೈ ನೀಲಿಗಟ್ಟಬಹುದು. ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ.